ಗೂಡುವ್ಯಾನಿನ ಎರಡನೆಯ ಬ್ಯಾಟರಿ

ಸೆಪ್ಟೆಂಬರ್ ೯

ತಿದ್ದಮ್ಮಾ,

ಮೊದಲೇ ಹೇಳಿಬಿಡುತ್ತೇನೆ. ಈ ಪತ್ರದ ತಪ್ಪುಗಳನ್ನು ತಿದ್ದಿ ವಾಪಸು ಕಳಿಸಿದರೆ ನಿನಗೆ ಇನ್ನೊಂದು ಪತ್ರ ಬರೆಯುವುದಿಲ್ಲ. ಪಠ್ಯಪುಸ್ತಕದ ಪ್ರೆಸ್ಸಿನವರು ನಿನ್ನನ್ನು ಕೆಲಸಕ್ಕಿಟ್ಟುಕೊಂಡಿರುವುದು ಅವರ ತಪ್ಪು ತಿದ್ದಲಿಕ್ಕೆ, ಹೆತ್ತವಳದ್ದಲ್ಲ.

ನಾನು ಚೆನ್ನಾಗಿದ್ದೇನೆ. ಕೆರೆಯ ದಡದಲ್ಲೊಂದು ಕ್ಯಾಂಪು ಇದೆ, ಅಲ್ಲಿ ನಮ್ಮ ಗೂಡುವ್ಯಾನು ನಿಲ್ಲಿಸಿಕೊಂಡಿದ್ದೇನೆ. ಇದು ತಗ್ಗು ಜಾಗ, ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಸಿಕ್ಕಿದ್ದರೂ ಮಾತಾಡುತ್ತಿರಲಿಲ್ಲ. ಫೋನಿನಲ್ಲಿ ನೀನು "ಅಮ್ಮಾ" ಅಂದರೆ ಸಾಕು, ನನಗೆ ಹೇಳಬೇಕೆಂದದ್ದೆಲ್ಲ ಮರೆತುಹೋಗುತ್ತದೆ.

ನಾನು ಯಾಕೆ ಹೊರಟೆ ಎಂದು ನೀನು ಮೂರು ಸಲ ಕೇಳಿದ್ದೀಯ. ನಿಮ್ಮಪ್ಪ ಕೆಲಸದಿಂದ ನಿವೃತ್ತರಾದ ವಾರವೇ ಈ ಹಳೇ ವ್ಯಾನು ತಂದರಲ್ಲ, ಒಳಗೇ ಮಂಚ, ಒಲೆ, ಸಿಂಕು ಎಲ್ಲ ಇರುವುದು, ಇಬ್ಬರೂ ಊರೂರು ತಿರುಗೋಣ ಎಂದು. ಅಂದಿನಿಂದ ಅದು ಅಂಗಳ ಬಿಟ್ಟು ಕದಲಿದ್ದು ಪೆಟ್ರೋಲ್ ಬಂಕಿಗೆ ಮಾತ್ರ. ನಾನು ಕಿಟಕಿಗಳಿಗೆ ಪರದೆ ಹೊಲಿದೆ. ಪರದೆಯ ಬಣ್ಣ ಹೋಯಿತು, ಮತ್ತೆ ಹೊಲಿದೆ. ಅವರು ವಾರವಾರ ಬ್ಯಾಟರಿ ಚಾರ್ಜ್ ಮಾಡಿದರು. "ಹೊರಡೋಣ್ವಾ?" ಅಂದರೆ, "ಆ ಟೈರೊಂದು ನೋಡಿಬಿಡ್ತೀನಿ" ಅನ್ನುವರು. ಜೀವಮಾನವಿಡೀ ಲಿಫ್ಟು ರಿಪೇರಿ ಮಾಡಿ ಜನರನ್ನು ಮೇಲೆ ಕೆಳಗೆ ಕಳಿಸಿದ ಮನುಷ್ಯ, ಮುಂದಕ್ಕೆ ಹೋಗುವುದು ಮಾತ್ರ ಗೊತ್ತಿಲ್ಲ. ಅವರು ಬ್ಯಾಟರಿಗೆ ಹಾಕುವ ನೀರು ತರಲು ಅಂಗಡಿಗೆ ಹೋದ ಒಂದು ಬೆಳಗ್ಗೆ ನಾನು ಬೀಗದ ಕೈ ತೆಗೆದುಕೊಂಡು ಹೊರಟುಬಿಟ್ಟೆ. ಡ್ರೈವಿಂಗ್ ಎಲ್ಲಿ ಕಲಿತೆ ಎನ್ನುತ್ತೀಯಾ? ನಾಟಕದ ಥಿಯೇಟರಿಗೆ ಪರದೆಯ ಅಳತೆ ತೆಗೆಯಲು ಹೋಗುತ್ತೇನೆ ಅಂದಿದ್ದೆನಲ್ಲ, ಆ ಹೊತ್ತಿನಲ್ಲಿ. ಒಂದು ಥಿಯೇಟರಿಗೆ ಅಷ್ಟು ಪರದೆ ಬೇಕಾ ಎಂದು ಯಾರಿಗೂ ಕೇಳಬೇಕು ಅನ್ನಿಸಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಈ ವ್ಯಾನಿನಲ್ಲಿ ಎರಡು ಬ್ಯಾಟರಿ. ಒಂದು ಇಂಜಿನ್ನಿಗೆ, ಅದು ಗಟ್ಟಿಯಾಗಿದೆ. ಇನ್ನೊಂದನ್ನು ನಿಮ್ಮಪ್ಪ ಮನೆ ಬ್ಯಾಟರಿ ಅನ್ನುತ್ತಿದ್ದರು. ದೀಪ, ನಲ್ಲಿಯ ಪಂಪು, ಹೀಟರಿನ ಫ್ಯಾನು ಎಲ್ಲ ಅದರಿಂದಲೇ. ಅದು ದಿನೇದಿನೇ ಸೊರಗುತ್ತಿದೆ. ದೀಪ ಹಚ್ಚಿದರೆ ಕುಂಕುಮದ ಬೊಟ್ಟಿನಷ್ಟು ಕೆಂಪಾಗುತ್ತದೆ, ಬೆಳಕಿಲ್ಲ. ಕ್ಯಾಂಪಿನ ಕರೆಂಟು ಕಂಬದ ಪ್ಲಗ್ಗಿಗೆ ವೈರು ಚುಚ್ಚಿದ್ದೇನೆ, ಆದರೂ ತುಂಬುತ್ತಿಲ್ಲ. ಚಳಿ ಬರುವಷ್ಟರಲ್ಲಿ ಅದು ಸರಿಹೋಗದಿದ್ದರೆ ನಾನು ಇಲ್ಲಿರಲಾರೆ, ಮನೆಗೆ ಬರಬೇಕಾಗುತ್ತದೆ. ಬರುವುದಿದ್ದರೆ ಬರಬೇಕು ಅನ್ನಿಸಿ ಬರುತ್ತೇನೆ, ಬ್ಯಾಟರಿ ಸತ್ತಿತು ಎಂದು ತಲೆ ತಗ್ಗಿಸಿಕೊಂಡು ಬರುವವಳಲ್ಲ.

ಏನು ಮಾಡಬೇಕು ಎಂದು ನಿಮ್ಮಪ್ಪನನ್ನು ಕೇಳು. ನಾನು ಕೇಳಿದೆ ಎಂದು ಮಾತ್ರ ಹೇಳಬೇಡ. ಯಾರೋ ಸ್ನೇಹಿತೆಗೆ ಎಂದು ಹೇಳು.

ನಿನ್ನ
ಅಮ್ಮ


ಸೆಪ್ಟೆಂಬರ್ ೧೪

ಅಪ್ಪಾ,

ನಿಮ್ಮ ಕಿವಿಗೆ ಫೋನು ಕೇಳಿಸುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನನ್ನ ಸ್ನೇಹಿತೆಯೊಬ್ಬಳಿಗೆ ಹಳೇ ಗೂಡುವ್ಯಾನಿನ ಮನೆ ಬ್ಯಾಟರಿ ಚಾರ್ಜ್ ಮಾಡುವುದು ಹೇಗೆ, ಬೇಕಾದರೆ ಬಿಚ್ಚುವುದು ಹೇಗೆ ಎಂದು ತಿಳಿಯಬೇಕಂತೆ, ಕ್ಯಾಂಪಿನ ಕಂಬಕ್ಕೆ ವೈರು ಚುಚ್ಚಿದರೂ ತುಂಬುತ್ತಿಲ್ಲವಂತೆ. ಹೀಗೆಂದು ಬರೆಯಬೇಕು ಎಂದು ಅಮ್ಮ ಹೇಳಿದ್ದಾಳೆ, ಬರೆದಿದ್ದೇನೆ. ಇನ್ನು ನಿಮಗೆ ಅರ್ಥವಾಗದೆ ಇರುತ್ತದೆಯೇ?

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಈ ಕೂಸಿಗೆ ತಲೆಯಲ್ಲಿ ಬಿಳಿ ಕೂದಲು ಬಂದಿದೆ, ಆದರೂ ಬಡವಾಗುತ್ತಿದೆ. ಅವಳು ಯಾಕೆ ಹೋದಳೋ ಅವಳು ಹೇಳಿದ ಮೇಲೂ ನನಗೆ ಪೂರ್ತಿ ತಿಳಿಯಲಿಲ್ಲ. ನೀವು ಯಾಕೆ ಹೋಗಲು ಬಿಟ್ಟಿರೋ ಅದಂತೂ ತಲೆ ಬುಡ ಗೊತ್ತಾಗುತ್ತಿಲ್ಲ. ಸಣ್ಣ ಜಗಳಕ್ಕೆ ತವರಿಗೆ ಹೋಗುವವರನ್ನು ನೋಡಿದ್ದೇನೆ, ಕೆರೆಗೆ ಹೋದವರನ್ನು ನೋಡಿಲ್ಲ.

ಒಂದು ಮಾತು ಕೇಳುತ್ತೇನೆ, ಬೈಯಬೇಡಿ. ಆ ಬ್ಯಾಟರಿ ಹೋದರೆ ಚಳಿಗಾಲಕ್ಕೆ ಮೊದಲು ಅಮ್ಮ ವಾಪಸು ಬರಲೇಬೇಕು. ನೀವು ಉತ್ತರ ಕೊಡದಿದ್ದರೆ ಆಯಿತು. ಸುಮ್ಮನಿದ್ದುಬಿಡೋಣವೇ? ನಮ್ಮಿಬ್ಬರಿಗೂ ಅದೇ ತಾನೇ ಬೇಕಾಗಿರುವುದು?

ಪ್ರೀತಿಯ
ಮಗಳು


ಸೆಪ್ಟೆಂಬರ್ ೧೯

ತಿದ್ದಮ್ಮ,

ನಿನ್ನ ಸ್ನೇಹಿತೆಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ ಕೇಳು.

ಸುಮ್ಮನಿರುವ ಮಾತು ಬೇಡ. ಕತ್ತಲಾಯಿತೆಂದು ಬಂದವಳು ಬೆಳಗಾದ ಮೇಲೆ ಹೋಗುತ್ತಾಳೆ. ಬ್ಯಾಟರಿಯ ವಿಷಯದಲ್ಲಿ ಯಾರಿಗೂ ಸುಳ್ಳು ಹೇಳಿದವನಲ್ಲ ನಾನು, ಈಗ ಶುರು ಮಾಡಲಾರೆ.

ಮೊದಲು ಚಾರ್ಜಿನ ವಿಷಯ. ಕಂಬಕ್ಕೆ ವೈರು ಚುಚ್ಚಿದರೆ ಸಾಲದು. ಸಿಂಕಿನ ಮೇಲೆ ಒಂದು ಬೋರ್ಡು ಇದೆ, ಅದರಲ್ಲಿ ಎರಡು ಕಡೆಗೂ ವಾಲುವ ಸ್ವಿಚ್ಚು. ಎಡಕ್ಕೆ ಒತ್ತಿದರೆ ಇಂಜಿನ್ನಿನದು, ಬಲಕ್ಕೆ ಒತ್ತಿದರೆ ಮನೆಯದು. ಬಲಕ್ಕೆ ಒತ್ತಬೇಕು. ಆಮೇಲೆ ಪಕ್ಕದ ಮೀಟರಿನ ಮುಳ್ಳು ಮೇಲೇರುತ್ತದೆಯೇ ನೋಡಬೇಕು. ಒಂದು ಹಗಲು ಕಾದರೂ ಮುಳ್ಳು ಅಲ್ಲಾಡದಿದ್ದರೆ ವ್ಯಾನಿನೊಳಗಿನ ಚಾರ್ಜರ್ ಹೋಗಿದೆ ಎಂದೇ ಅರ್ಥ. ಅದಕ್ಕೂ ವಯಸ್ಸಾಗಿದೆ. ಆಗ ಬ್ಯಾಟರಿಯನ್ನೇ ಬಿಚ್ಚಿ ಹೊರಗಿನ ಚಾರ್ಜರಿಗೆ ಹಾಕಬೇಕು.

ಅದು ಡ್ರೈವರ್ ಪಕ್ಕದ ಸೀಟಿನ ಕೆಳಗಿದೆ. ಬಿಚ್ಚುವ ಮೊದಲು ಕಂಬದ ವೈರು ಕೀಳಬೇಕು, ಒಳಗಿನ ದೀಪ, ಪಂಪು ಎಲ್ಲ ಆರಿಸಬೇಕು. ಕಿಟಕಿ ಬಾಗಿಲು ತೆರೆದಿಡಬೇಕು, ಒಲೆ ಹಚ್ಚಕೂಡದು. ಬೆರಳಿನ ಉಂಗುರ ತೆಗೆದಿಡಲಿ. ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಗಿಡ್ಡಪ್ಪ ಎಂದು ಕರೆಯುತ್ತಿದ್ದೆವಲ್ಲ, ಅವನ ಉಂಗುರಕ್ಕೆ ಹೀಗೇ ಕರೆಂಟು ಹಾದು ಕೆಂಡದ ಹಾಗಾಗಿ, ಅವನು ಮೂರನೇ ಮಹಡಿಯಲ್ಲಿ ಲಿಫ್ಟು ಓಡಾಡುವ ಬಾವಿಯೊಳಗಿಂದ ಕೂಗಿದ್ದು ಒಂದನೇ ಮಹಡಿಯ ದಂತವೈದ್ಯರಿಗೆ ಕೇಳಿಸಿ, ಅವರು ತಮ್ಮ ರೋಗಿಯೇ ಕೂಗಿದ ಎಂದುಕೊಂಡು ಹಲ್ಲು ಕೀಳುವುದನ್ನೇ ನಿಲ್ಲಿಸಿದರಂತೆ. ಅದು ದೊಡ್ಡ ಕಥೆ.

ಕೆಂಪು ಬಟ್ಟೆ ಕಟ್ಟಿದ ವೈರನ್ನು ಮೊದಲು ಬಿಚ್ಚಲಿ, ಇನ್ನೊಂದನ್ನು ಆಮೇಲೆ. ಕೂರಿಸುವಾಗ ಇದು ತಿರುಗುಮುರುಗು. ಎತ್ತುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಿಸಿ ಎತ್ತಬೇಕು, ಅದು ಮಣಭಾರ. ಬ್ಯಾಟರಿಯ ಹೊಟ್ಟೆ ಉಬ್ಬಿದ್ದರೆ ಮುಟ್ಟುವುದೇ ಬೇಡ, ಹೊಸದು ತರಲಿ. ಉಬ್ಬಿಲ್ಲದಿದ್ದರೆ ಮೇಲಿನ ಮುಚ್ಚಳಗಳನ್ನು ಬಿಚ್ಚಿ ನೋಡಲಿ. ಒಳಗಿನ ತಗಡುಗಳು ಮುಳುಗುವಷ್ಟು ನೀರು ಇರಬೇಕು, ಬ್ಯಾಟರಿ ನೀರು, ನಲ್ಲಿ ನೀರಲ್ಲ. ನಿಧಾನವಾಗಿ ಚಾರ್ಜ್ ಆಗಬೇಕು. ಅವಸರ ಮಾಡಿದರೆ ಕುದಿಯುತ್ತದೆ.

ನಾನು ಯಾಕೆ ಬಿಟ್ಟೆ ಎಂದು ಕೇಳಿದ್ದೀಯ. ನಾನು ಎಲ್ಲಿ ಬಿಟ್ಟೆ? ಅಂಗಡಿಯಿಂದ ಬಂದೆ, ಅಂಗಳದಲ್ಲಿ ವ್ಯಾನಿರಲಿಲ್ಲ. ಕೈಯಲ್ಲಿ ನೀರಿನ ಕ್ಯಾನು ಹಿಡಿದುಕೊಂಡು ಎಷ್ಟೋ ಹೊತ್ತು ನಿಂತಿದ್ದೆ. ಮೊದಲು ಕಳ್ಳರು ಎಂದುಕೊಂಡೆ. ನಿಜ ಹೇಳಬೇಕೆಂದರೆ ಕಳ್ಳರಾಗಿದ್ದರೇ ಚೆನ್ನಾಗಿತ್ತು. ಎಲ್ಲ ಸಿದ್ಧವಾಗಿತ್ತು ಕಣಮ್ಮ. ಸಿದ್ಧವಿಲ್ಲದ್ದಕ್ಕೆ ಬೇಸತ್ತು ಹೋಗಿದ್ದರೆ ಅರ್ಥವಾಗುತ್ತಿತ್ತು.

ಇಂತಿ
ಅಪ್ಪ


ಸೆಪ್ಟೆಂಬರ್ ೨೪

ಅಮ್ಮಾ,

ಅಪ್ಪನಿಂದ ಉತ್ತರ ಬಂತು. ನೀನೇ ಎಂದು ಅವರಿಗೆ ಗೊತ್ತು, ಸ್ನೇಹಿತೆಯ ನಾಟಕ ಇಲ್ಲಿಗೆ ಮುಗಿಸೋಣ. ಅವರ ಪತ್ರದ ತುಂಬ ಲಿಫ್ಟಿನ ಪುರಾಣ. ಅದನ್ನೆಲ್ಲ ತೆಗೆದು ಕೆಲಸಕ್ಕೆ ಬೇಕಾದಷ್ಟನ್ನು ಅಚ್ಚುಕಟ್ಟಾಗಿ ಬರೆದಿದ್ದೇನೆ. ಒಂದು ಕಡೆ ಅವರಿಗೇ ಗೊಂದಲವಾಗಿತ್ತು, ಅದನ್ನೂ ಸರಿಪಡಿಸಿದ್ದೇನೆ.

ಸಿಂಕಿನ ಮೇಲಿನ ಬೋರ್ಡಿನ ಸ್ವಿಚ್ಚನ್ನು ಬಲಕ್ಕೆ ಒತ್ತು. ಒಂದು ಹಗಲು ಕಾದರೂ ಮುಳ್ಳು ಏರದಿದ್ದರೆ ಒಳಗಿನ ಚಾರ್ಜರ್ ಕೆಟ್ಟಿದೆ, ಬ್ಯಾಟರಿ ಬಿಚ್ಚಬೇಕು. ಅದು ಡ್ರೈವರ್ ಪಕ್ಕದ ಸೀಟಿನ ಕೆಳಗಿದೆ. ಕಂಬದ ವೈರು ಕಿತ್ತು, ಎಲ್ಲ ಆರಿಸಿ, ಕಿಟಕಿ ಬಾಗಿಲು ತೆರೆದಿಡು, ಒಲೆ ಹಚ್ಚಬೇಡ. ಉಂಗುರ ತೆಗೆದಿಡಬೇಕಂತೆ. ಮೊದಲು ಕಪ್ಪು ವೈರು ಬಿಚ್ಚು, ಆಮೇಲೆ ಕೆಂಪು. ಕೂರಿಸುವಾಗ ಮೊದಲು ಕೆಂಪು. ಮೊಣಕಾಲು ಮಡಿಸಿ ಎತ್ತು. ಹೊಟ್ಟೆ ಉಬ್ಬಿದ್ದರೆ ಮುಟ್ಟಬೇಡ. ಮುಚ್ಚಳ ತೆಗೆದು ಬ್ಯಾಟರಿ ನೀರು ಹಾಕಿ ನಿಧಾನವಾಗಿ ಚಾರ್ಜ್ ಮಾಡು.

ಅಪ್ಪ ಮೊದಲು ಕೆಂಪು ಎಂದು ಬರೆದಿದ್ದರು. ನಾನು ಈಗ ನೋಡುತ್ತಿರುವ ವಿಜ್ಞಾನದ ಪುಸ್ತಕದಲ್ಲಿ ಮೈನಸ್ಸು ಮೊದಲು ಎಂದು ಸ್ಪಷ್ಟವಾಗಿದೆ, ಮೈನಸ್ಸು ಎಂದರೆ ಕಪ್ಪು, ಚಿತ್ರವೂ ಇದೆ. ಅವರಿಗೆ ವಯಸ್ಸಾಯಿತು, ಪಾಪ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ ಎಂದು ಕೇಳಿದ್ದಾರೆ.

ನಿನ್ನ
ಮಗಳು


ಅಕ್ಟೋಬರ್ ೧

ತಿದ್ದಮ್ಮಾ,

ಸ್ವಿಚ್ಚು ಬಲಕ್ಕೆ ಒತ್ತಿದೆ. ನಾನು ಇಷ್ಟು ದಿನ ಎಡಕ್ಕೆ ಒತ್ತಿಟ್ಟಿದ್ದೆ, ಅಂದರೆ ತುಂಬಿದ ಬ್ಯಾಟರಿಯನ್ನೇ ತುಂಬಿಸುತ್ತಿದ್ದೆ. ಉಂಡವನಿಗೇ ಉಣ್ಣಿಸಿದ ಹಾಗೆ. ಆದರೆ ಬಲಕ್ಕೆ ಒತ್ತಿದರೂ ಮುಳ್ಳು ಜಪ್ಪಯ್ಯ ಅನ್ನಲಿಲ್ಲ. ಮುಳ್ಳಿನ ಮುಂದೆ ಟೀ ಕುಡಿದೆ, ಮಧ್ಯಾಹ್ನ ಅದರ ಮುಂದೆಯೇ ಬ್ರೆಡ್ಡು ತಿಂದೆ. ಆ ಮುಳ್ಳಿಗೂ ನಿಮ್ಮಪ್ಪನ ಸ್ವಭಾವವೇ ಬಂದಿದೆ. ಹಾಗಾಗಿ ಬಿಚ್ಚಲೇಬೇಕು. ಕ್ಯಾಂಪು ನೋಡಿಕೊಳ್ಳುವ ಹೆಂಗಸಿನ ಶೆಡ್ಡಿನಲ್ಲಿ ಚಾರ್ಜರ್ ಇದೆ. ತಳ್ಳುವ ಗಾಡಿಯನ್ನೂ ಕೊಡುತ್ತೇನೆ ಅಂದಿದ್ದಾಳೆ. ಕೆರೆಗಿಳಿಯುವ ಎದೆಯೆತ್ತರದ ರಬ್ಬರು ಬೂಟು ಹಾಕಿಕೊಂಡು ಓಡಾಡುವ ಆಸಾಮಿ ಅವಳು, ಮಾತು ಕಡಿಮೆ, ಬೈಗುಳ ಜಾಸ್ತಿ.

ಅದು ಹಾಗಿರಲಿ. ಉಂಗುರ ತೆಗೆದಿಡಬೇಕಂತೆ ಎಂದು ಬರೆದಿದ್ದೀಯಲ್ಲ, ಅದೇನು? ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಮದುವೆಯ ದಿನ ಬೆರಳಿಗೆ ಹಾಕಿದ ಮನುಷ್ಯ, ಇಷ್ಟು ವರ್ಷ ಆದ ಮೇಲೆ, ಮಗಳ ಕೈಲಿ ಹೇಳಿಸಿ, ಬ್ಯಾಟರಿಯ ನಡುವೆ ಸೇರಿಸಿ, ಉಂಗುರ ತೆಗೆದಿಡು ಅನ್ನುತ್ತಾರೆಂದರೆ ಏನು ಅಂದುಕೊಳ್ಳಲಿ? ಕೋಪ ಬಂದಿದ್ದರೆ ಬರಲಿ. ಬಿಟ್ಟು ಬಂದವಳು ನಾನು, ಒಪ್ಪಿಕೊಳ್ಳುತ್ತೇನೆ. ಆದರೆ ನಾನು ವ್ಯಾನು ತಂದೆನೇ ಹೊರತು ಮದುವೆ ಬಿಟ್ಟು ಬರಲಿಲ್ಲ. ಇದು ಅವರಿಗೆ ಗೊತ್ತಿಲ್ಲವೇ? ಅಥವಾ ಗೊತ್ತಾಗದ ಹಾಗೆ ನಾನೇ ನಡೆದುಕೊಂಡೆನೇ? ನನಗೇ ಗೊಂದಲವಾಗಿಬಿಟ್ಟಿದೆ.

ನಾಳೆ ಬೆಳಗ್ಗೆ ಬ್ಯಾಟರಿ ಬಿಚ್ಚುತ್ತೇನೆ. ಉಂಗುರ ತೆಗೆಯುವುದಿಲ್ಲ. ಬೇಕಾದರೆ ಅವರೇ ಬಂದು ತೆಗೆಯಲಿ, ಹಾಗೆಂದು ಹೇಳು.

ಅಮ್ಮ


ಅಕ್ಟೋಬರ್ ೩

ಮಗಳಿಗೆ,

ನಾನು ಕ್ಯಾಂಪು ನೋಡಿಕೊಳ್ಳುವವಳು. ನಿಮ್ಮ ತಾಯಿ ಹೇಳುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ, ಏಕೆಂದರೆ ಅವರ ಬಲಗೈಗೆ ಬ್ಯಾಂಡೇಜು ಸುತ್ತಿದೆ. ಗಾಬರಿಯಾಗಬೇಡ ಎಂದು ಮೊದಲು ಬರೆಯಲು ಹೇಳಿದರು. ನಾನಾಗಿದ್ದರೆ ಸ್ವಲ್ಪ ಗಾಬರಿಯಾಗು ಅನ್ನುತ್ತಿದ್ದೆ.

ನೀವು ಹೇಳಿದ ಹಾಗೆ ಕಪ್ಪು ವೈರಿಗೆ ಸ್ಪ್ಯಾನರ್ ಹಾಕಿದರಂತೆ. ಸ್ಪ್ಯಾನರಿನ ಹಿಡಿ ಸೀಟಿನ ಕಬ್ಬಿಣಕ್ಕೆ ತಾಗಿ, ಸೊರಗಿದ ಬ್ಯಾಟರಿಯಾದರೂ ದೊಡ್ಡ ಕಿಡಿ ಎದ್ದಿತು. ಸ್ಪ್ಯಾನರಿಗೆ ಒತ್ತಿಕೊಂಡಿದ್ದ ಉಂಗುರ ಒಂದು ಗಳಿಗೆಯಲ್ಲಿ ಕಾದುಹೋಯಿತು. ನಾನು ಓಡಿ ಬರುವಷ್ಟರಲ್ಲಿ ಅವರು ಕೈಯನ್ನು ಬಕೆಟ್ಟಿನ ನೀರಿಗೆ ಹಾಕಿಕೊಂಡು ನಿಮ್ಮ ತಂದೆಯವರ ಹೆಸರು ಹಿಡಿದು ಕೂಗುತ್ತಿದ್ದರು. ಬೈಯುತ್ತಿದ್ದರೋ ಕರೆಯುತ್ತಿದ್ದರೋ ನನಗೆ ತಿಳಿಯಲಿಲ್ಲ. ಕೇಳಿದೆ, ಅವರಿಗೂ ತಿಳಿಯಲಿಲ್ಲವಂತೆ. ಇದನ್ನು ಬರೆಯಬೇಡ ಅನ್ನುತ್ತಿದ್ದಾರೆ. ಬರೆದಾಯಿತು.

ಆಸ್ಪತ್ರೆಯ ನರ್ಸು ಉಂಗುರವನ್ನು ಕತ್ತರಿಸಿ ತೆಗೆದಳು. ಬೆರಳಿನ ಸುತ್ತ ಸುಟ್ಟಿದೆ, ವಾಸಿಯಾಗುತ್ತದೆ ಅಂದಿದ್ದಾರೆ. ಬ್ಯಾಟರಿ ಇದ್ದಲ್ಲೇ ಇದೆ. ನನಗೆ ದೋಣಿಯ ಇಂಜಿನ್ನು ಗೊತ್ತು, ಈ ವ್ಯಾನಿನ ಎರಡು ಬ್ಯಾಟರಿಯ ಗೋಜಲು ಗೊತ್ತಿಲ್ಲ. ಬೋಲ್ಟಿನ ಮೇಲೆಲ್ಲ ಹಸಿರು ಹಿಟ್ಟು ಕೂತಿದೆ, ಪ್ಲಸ್ಸು ಯಾವುದು ಮೈನಸ್ಸು ಯಾವುದು ಕಾಣುವುದಿಲ್ಲ. ಅದನ್ನು ಇನ್ನು ನಾನಂತೂ ಮುಟ್ಟುವುದಿಲ್ಲ. ಅವರು ನಿನ್ನೆಯಿಂದ ನನ್ನ ಮನೆಯಲ್ಲಿ ಮಲಗುತ್ತಿದ್ದಾರೆ.

ಕ್ಯಾಂಪಿನವಳು


ಅಕ್ಟೋಬರ್ ೭

ಅಪ್ಪಾ,

ಕ್ಯಾಂಪಿನವರ ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಮೊದಲು ಅದನ್ನು ಓದಿ, ಆಮೇಲೆ ನನ್ನನ್ನು ಬೈಯಿರಿ.

ನೀವು ಕೆಂಪು ಕಟ್ಟಿದ್ದು ಮೊದಲು ಎಂದು ಬರೆದಿರಿ, ನಾನು ಕಪ್ಪು ಎಂದು ತಿದ್ದಿದೆ. ಉಂಗುರ ತೆಗೆದಿಡಲಿ ಎಂದಿರಿ, ಗಿಡ್ಡಪ್ಪನ ಕಥೆ ಅನಗತ್ಯ ಎಂದು ತೆಗೆದುಹಾಕಿ ಉಂಗುರವನ್ನು ಮಾತ್ರ ಉಳಿಸಿದೆ. ಅಮ್ಮ ಅದನ್ನು ಬೇರೆಯದೇ ಅರ್ಥದಲ್ಲಿ ತೆಗೆದುಕೊಂಡಳು. ನೀವು ಮದುವೆಯ ಉಂಗುರ ಕಳಚು ಅನ್ನುತ್ತಿದ್ದೀರಿ ಎಂದುಕೊಂಡು ಹಟಕ್ಕೆ ಹಾಕಿಕೊಂಡೇ ಕೆಲಸ ಮಾಡಿದಳು. ಆ ಬೆರಳು ಸುಟ್ಟದ್ದು ನನ್ನ ಪೆನ್ನಿನಿಂದ. ಪ್ರೆಸ್ಸಿನಲ್ಲಿ ಕೂತು ಅಕ್ಷರ ನೋಡಿದರೆ ಅಕ್ಷರ ಕಾಣುತ್ತಿಲ್ಲ.

ಒಂದೇ ಒಂದು ಹೇಳಿ. ಮೊದಲು ಕೆಂಪು ಎಂದು ಯಾಕೆ ಬರೆದಿರಿ? ಪುಸ್ತಕ ತಪ್ಪಾ?

ಮಗಳು


ಅಕ್ಟೋಬರ್ ೧೧

ತಿದ್ದಮ್ಮ,

ಪುಸ್ತಕ ಸರಿ. ನೀನೂ ಸರಿ. ಮೈನಸ್ಸೇ ಮೊದಲು. ಆದರೆ ಆ ವ್ಯಾನಿನ ಹಳೇ ಯಜಮಾನ ಎರಡಕ್ಕೂ ಕಪ್ಪು ವೈರನ್ನೇ ಹಾಕಿಸಿದ್ದ. ಯಾವುದನ್ನು ಮೊದಲು ಬಿಚ್ಚಬೇಕೋ ಅದಕ್ಕೆ ನಾನು ಕೆಂಪು ಬಟ್ಟೆ ಕಟ್ಟಿದೆ. ಲಿಫ್ಟಿನಲ್ಲಿ ನಾವು ಹಾಗೇ ಮಾಡುತ್ತಿದ್ದೆವು, ಮೊದಲು ಮುಟ್ಟಬೇಕಾದದ್ದಕ್ಕೆ ಕೆಂಪು. ಕೆಂಪು ಅಂದರೆ ಪ್ಲಸ್ಸು ಎಂದು ಲೋಕವೆಲ್ಲ ತಿಳಿದಿರುವಾಗ ನಾನು ಮೈನಸ್ಸಿಗೆ ಕಟ್ಟಿ, ಯಾರಿಗೂ ಹೇಳಲಿಲ್ಲ. ಬೇರೆ ಯಾರೂ ಅದನ್ನು ಬಿಚ್ಚುತ್ತಾರೆಂದು ನನಗೆ ಹೊಳೆಯಲೇ ಇಲ್ಲ. ಹಾಗಾಗಿ ನೀನು ಅಳುವುದು ಬೇಡ, ಅನ್ನ ತಿನ್ನು.

ಅವಳಿಗೆ ನೇರವಾಗಿ ಬರೆದಿದ್ದೇನೆ. ಇನ್ನು ನಿನ್ನ ಕೈಲಿ ಹೇಳಿಸುವುದಿಲ್ಲ.

ಅಪ್ಪ


ಅಕ್ಟೋಬರ್ ೧೧

ಇವಳೇ,

ಉಂಗುರ ಹೋಗಲಿ ಬಿಡು. ಬೆರಳಿದೆಯಲ್ಲ.

ಗುರುವಾರದ ಬಸ್ಸಿಗೆ ಹೊರಡುತ್ತೇನೆ. ಬ್ಯಾಟರಿಯನ್ನು ಯಾರೂ ಮುಟ್ಟಬೇಡಿ.

ಇಂತಿ


ಅಕ್ಟೋಬರ್ ೨೦

ತಿದ್ದಮ್ಮಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಸಹಿಸಿಕೋ.

ನಿಮ್ಮಪ್ಪ ಬಂದಿದ್ದರು. ಬಸ್ಸಿನಿಂದ ಇಳಿದವರು ಎರಡು ಚೀಲ ಹಿಡಿದಿದ್ದರು, ಒಂದು ಪುಟ್ಟದು, ಒಂದು ಸ್ಪ್ಯಾನರುಗಳದು. ನನ್ನ ಕೈ ನೋಡಿದರು. ಬ್ಯಾಂಡೇಜಿನ ಗಂಟು ಸಡಿಲವಾಗಿತ್ತು, ಅದನ್ನು ಬಿಚ್ಚಿ ಮತ್ತೆ ಕಟ್ಟಿದರು. ಆಮೇಲೆ ಸೀಟಿನ ಕೆಳಗೆ ತಲೆ ಹಾಕಿದವರು ಮಧ್ಯಾಹ್ನದವರೆಗೆ ತಲೆ ಎತ್ತಲಿಲ್ಲ. ಆ ಹಸಿರು ಹಿಟ್ಟನ್ನು ಸೋಡಾ ಪುಡಿ ಬೆರೆಸಿದ ಬಿಸಿನೀರಿನಿಂದ ತೊಳೆದರು. ಬ್ಯಾಟರಿಯನ್ನು ಗಾಡಿಯಲ್ಲಿ ಶೆಡ್ಡಿಗೆ ತಳ್ಳಿಕೊಂಡು ಹೋಗಿ ಮುಚ್ಚಳ ತೆಗೆದು ನೀರು ಹಾಕಿದರು, ಚಾರ್ಜಿಗಿಟ್ಟು ಅದರ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ರಾತ್ರಿ ಅಲ್ಲೇ ಮಲಗುತ್ತೇನೆ, ಕುದಿಯುತ್ತದೇನೋ ನೋಡಬೇಕು ಅಂದರು. ಕ್ಯಾಂಪಿನವಳು ನನ್ನ ಕಡೆ ನೋಡಿ, "ಏನಮ್ಮಾ, ನಿಮ್ಮ ಯಜಮಾನ್ರು ನಿಮ್ಮನ್ನ ನೋಡೋಕೆ ಬಂದ್ರೋ ಬ್ಯಾಟರಿ ನೋಡೋಕೋ?" ಅಂದಳು. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು, ಯಾವುದು ಮೊದಲು ಬಂದಿತೋ ಹೇಳಲಾರೆ.

ಮಾರನೆಯ ದಿನ ಬ್ಯಾಟರಿ ಕೂರಿಸಿದರು. ಕೆಂಪು ಬಟ್ಟೆ ಬಿಚ್ಚಿ ಒಲೆಗೆ ಹಾಕಿ, ಎರಡು ವೈರಿಗೂ ಬಿಳೀ ಪಟ್ಟಿ ಸುತ್ತಿ, ಒಂದರ ಮೇಲೆ "ಮೊದಲು ಬಿಚ್ಚು", ಇನ್ನೊಂದರ ಮೇಲೆ "ಆಮೇಲೆ" ಎಂದು ಬರೆದರು. ಸ್ವಿಚ್ಚು ಒತ್ತಿದರೆ ದೀಪ ಝಗ್ ಎಂದಿತು. ಹೀಟರಿನ ಫ್ಯಾನು ತಿರುಗಿತು, ನಲ್ಲಿಯಲ್ಲಿ ನೀರು ಬಂತು. ನಾನು ಟೀ ಮಾಡಿದೆ. ಒಳಗೆ ಬೆಚ್ಚಗಿತ್ತು, ಪರದೆ ಹಾಕಿದ್ದೆ. ಇಬ್ಬರೂ ಎದುರುಬದುರು ಕೂತು ಕುಡಿದೆವು. ಎಷ್ಟು ವರ್ಷದಿಂದ ಈ ಒಂದು ಟೀಗೆ ಕಾದಿದ್ದೆ ಗೊತ್ತಾ ನಿನಗೆ? ಈಗ ಕೇಳುತ್ತಾರೆ, ಈಗ ಕೇಳುತ್ತಾರೆ ಎಂದು ನೋಡಿದೆ. ಬಾ ಎಂದು ಕರೆಯುತ್ತಾರೋ, ಇಲ್ಲ ನಾನೂ ಇರುತ್ತೇನೆ ಎನ್ನುತ್ತಾರೋ. ಎರಡರಲ್ಲಿ ಯಾವುದಾದರೂ ಸರಿಯಿತ್ತು ನನಗೆ. ಲೋಟ ತೊಳೆದಿಟ್ಟರು. "ಆಯ್ತು. ಇನ್ನು ಚಳಿಗಾಲಕ್ಕೆ ನೀನು ಭಯ ಪಡೋದು ಬೇಡ" ಅಂದರು. ಸಾಯಂಕಾಲದ ಬಸ್ಸಿಗೆ ಹೋಗಿಬಿಟ್ಟರು.

ಇರಿ ಅನ್ನಲು ನನಗೆ ಬಾಯಿ ಬರಲಿಲ್ಲ. ಹೊಲಿಗೆ ಮಾಡುವಾಗ ಸೂಜಿಯನ್ನು ತುಟಿಯಲ್ಲಿ ಹಿಡಿದಿರುತ್ತೇನಲ್ಲ, ಹಾಗಿತ್ತು. ಬ್ಯಾಟರಿ ಬೇಕೆಂದೆ, ಬಂತು. ವ್ಯಾನಿನ ತುಂಬ ಬೆಳಕಿದೆ. ಹಾಗಾದರೆ ನನಗೆ ಏನು ಬೇಕಾಗಿತ್ತು?

ಅಮ್ಮ


ಅಕ್ಟೋಬರ್ ೨೩

ತಿದ್ದಮ್ಮ,

ಹೋಗಿಬಂದೆ. ಬ್ಯಾಟರಿ ಚೆನ್ನಾಗಿದೆ, ಇನ್ನೂ ಎರಡು ಚಳಿಗಾಲ ತಡೆಯುತ್ತದೆ. ಅವಳ ಬೆರಳು ಒಣಗುತ್ತಿದೆ. ಸ್ವಲ್ಪ ಇಳಿದುಹೋಗಿದ್ದಾಳೆ, ಆದರೆ ಮುಖದಲ್ಲಿ ಕಳೆ ಇದೆ. ವ್ಯಾನನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾಳೆಂದರೆ ನನಗೆ ಹೊಟ್ಟೆಕಿಚ್ಚಾಯಿತು.

ಇರಿ ಅನ್ನುತ್ತಾಳೇನೋ ಎಂದು ಒಂದು ಜೊತೆ ಬಟ್ಟೆ ಜಾಸ್ತಿ ತೆಗೆದುಕೊಂಡು ಹೋಗಿದ್ದೆ. ಅನ್ನಲಿಲ್ಲ. ಅವಳು ಕೇಳಿದ್ದು ಬ್ಯಾಟರಿ, ಮಾಡಿಕೊಟ್ಟೆ. ಕೇಳದ್ದನ್ನು ಕೊಡಲು ಹೋಗಿ ಅವಳ ಜಾಗದಲ್ಲಿ ಕಾಲು ಚಾಚಿ ಕೂರುವುದು ಸರಿಯೇ? ಬಂದುಬಿಟ್ಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಇದು ಸರಿಯೋ ತಪ್ಪೋ ಎಂದು ತೂಗಿದೆ. ಇನ್ನೂ ತೂಗುತ್ತಿದ್ದೇನೆ.

ನಾವು ಯಾಕೆ ಹೊರಡಲೇ ಇಲ್ಲ ಎಂದು ಅವಳು ಎಷ್ಟೋ ಸಲ ಕೇಳಿದ್ದಾಳೆ. ನನಗೆ ನಿಜವಾಗಿ ಗೊತ್ತಿಲ್ಲ. ಪ್ರತಿ ವಾರ ಅದನ್ನು ಸಿದ್ಧ ಮಾಡುತ್ತಿದ್ದೆನಲ್ಲ, ಆಗ ಅವಳು ಪರದೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು, ಮೊದಲು ಯಾವ ಊರು, ಆಮೇಲೆ ಯಾವ ಊರು ಎಂದು ಮಾತಾಡುತ್ತಿದ್ದೆವು. ನನಗೆ ಅದೇ ಹೋದ ಹಾಗಿತ್ತು. ಅವಳಿಗೆ ಹಾಗಿರಲಿಲ್ಲ ಎಂದು ಅಂಗಳ ಖಾಲಿಯಾದ ಮೇಲೆ ತಿಳಿಯಿತು. ಈಗ ವಾರದ ಆ ದಿನ ಬಂದರೆ ಏನು ಮಾಡಬೇಕೋ ತೋಚುವುದಿಲ್ಲ. ಅವಳಿಲ್ಲದೆ ಮನೆಯಲ್ಲಿ ಇರಲಾಗುತ್ತಿಲ್ಲ ಕಣಮ್ಮ.

ಇದನ್ನು ಅವಳಿಗೆ ಹೇಳಬೇಡ.

ಅಪ್ಪ


ಅಕ್ಟೋಬರ್ ೨೭

ಅಮ್ಮಾ,

ಅಪ್ಪನ ಪತ್ರವನ್ನು ಇದರೊಳಗೆ ಇಟ್ಟಿದ್ದೇನೆ. ಹೇಳಬೇಡ ಅಂದಿದ್ದಾರೆ. ನಾನು ಹೇಳುತ್ತಿಲ್ಲ, ಕಳಿಸುತ್ತಿದ್ದೇನೆ. ಒಂದು ಅಕ್ಷರ ತೆಗೆದಿಲ್ಲ, ಒಂದು ಅಕ್ಷರ ಸೇರಿಸಿಲ್ಲ.

ನೀವಿಬ್ಬರೂ ಒಬ್ಬರ ಎದುರು ಒಬ್ಬರು ಟೀ ಕುಡಿದುಕೊಂಡು, ಇಬ್ಬರಿಗೂ ಬೇಕಾದದ್ದು ಒಂದೇ ಆಗಿದ್ದು, ಇಬ್ಬರೂ ಸುಮ್ಮನಿದ್ದಿರಿ. ಇದನ್ನು ಯಾವ ಪುಸ್ತಕ ನೋಡಿ ತಿದ್ದಲಿ? ನನ್ನ ಕೈಲಾಗುವುದಿಲ್ಲ. ಇನ್ನು ನೀನುಂಟು, ಅವರುಂಟು.

ಮಗಳು


ನವೆಂಬರ್ ೨

ರೀ,

ಮಗಳು ನಿಮ್ಮ ಪತ್ರ ಕಳಿಸಿದಳು. ಅವಳ ಮೇಲೆ ರೇಗಬೇಡಿ.

ಓದಿ ನನಗೆ ಮೊದಲು ಬಂದದ್ದು ಕೋಪ. ಪರದೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಮಾತಾಡಿದ್ದೇ ಹೋದ ಹಾಗಿತ್ತಂತೆ. ನಿಮಗೆ ಹೋದ ಹಾಗಿತ್ತು, ನನಗೆ ನಿಂತ ಹಾಗಿತ್ತು. ನನ್ನ ಕಾಲು ನೋಯುತ್ತಿದ್ದದ್ದೂ ನಿಮಗೆ ತಿಳಿಯಲಿಲ್ಲ. ಆಮೇಲೆ ಇನ್ನೊಂದು ಸಲ ಓದಿದೆ, ಒಂದು ಜೊತೆ ಬಟ್ಟೆ ಜಾಸ್ತಿ ತಂದಿದ್ದಿರಿ ಎಂಬುದನ್ನು. ಅಲ್ಲಿಂದ ಮುಂದೆ ಓದಲಾಗಲಿಲ್ಲ. ಪುಟ್ಟ ಚೀಲದಲ್ಲಿ ಅದೇ ಇದ್ದದ್ದೇನು? ಬಿಚ್ಚಿ ಮಂಚದ ಮೇಲೆ ಇಟ್ಟಿದ್ದರೆ ಆಗುತ್ತಿತ್ತಲ್ಲ ಮಹರಾಯರೇ. ಬಾಯಿ ಇಲ್ಲದಿದ್ದರೂ ಕೈ ಇತ್ತಲ್ಲ.

ನಾನೂ ಹೇಳಲಿಲ್ಲ, ಒಪ್ಪಿದೆ. ಈಗ ಹೇಳುತ್ತೇನೆ, ಯಾರ ಕೈಲೂ ಹೇಳಿಸದೆ. ನಿಮ್ಮನ್ನು ಬಿಟ್ಟು ಹೋಗಬೇಕೆಂದು ನಾನು ಹೊರಡಲಿಲ್ಲ. ನೀವು ಹಿಂದೆಯೇ ಓಡಿ ಬರುತ್ತೀರಿ ಎಂದುಕೊಂಡೆ. ಊರ ಹೊರಗಿನ ಪೆಟ್ರೋಲ್ ಬಂಕಿನ ಹತ್ತಿರ ಬಹಳ ಹೊತ್ತು ನಿಲ್ಲಿಸಿಕೊಂಡು ಕನ್ನಡಿಯಲ್ಲಿ ನೋಡುತ್ತಿದ್ದೆ. ನೀವು ಬರಲಿಲ್ಲ. ಆಮೇಲೆ ಹಿಂದಕ್ಕೆ ತಿರುಗಿಸಲು ಮನಸ್ಸು ಒಪ್ಪಲಿಲ್ಲ, ಮುಂದಕ್ಕೆ ಹೋದೆ. ಇಷ್ಟೇ ನಡೆದದ್ದು.

ಕೈ ವಾಸಿಯಾಗಿದೆ, ಸ್ಟೀರಿಂಗು ಹಿಡಿಯಬಹುದು ಅಂದಿದ್ದಾರೆ. ಭಾನುವಾರ ಬೆಳಗ್ಗೆ ಬರುತ್ತೇನೆ. ಒಳಗೆ ಬರುವುದಿಲ್ಲ, ಅಂಗಳಕ್ಕೆ ವ್ಯಾನು ತರುವುದೂ ಇಲ್ಲ. ತಂದರೆ ನೀವು ಬಾನೆಟ್ಟು ತೆರೆಯುತ್ತೀರಿ. ರಸ್ತೆಯಲ್ಲೇ ನಿಲ್ಲಿಸುತ್ತೇನೆ, ಇಂಜಿನ್ನು ಆರಿಸುವುದಿಲ್ಲ. ಟೈರು ನೋಡಿಸಿದ್ದೇನೆ, ಎಣ್ಣೆ ನೋಡಿಸಿದ್ದೇನೆ, ನೀರು ನೋಡಿಸಿದ್ದೇನೆ, ನೀವು ನೋಡಲು ಏನೂ ಬಾಕಿ ಇಲ್ಲ. ಹತ್ತಿ ಕೂತುಕೊಳ್ಳಿ. ನಾನು ಓಡಿಸುತ್ತೇನೆ.

ನಿಮ್ಮ
ಇವಳು


ನವೆಂಬರ್ ೮, ಭಾನುವಾರ

ತಿದ್ದಮ್ಮ,

ಇದನ್ನು ಊಟದ ಮೇಜಿನ ಮೇಲೆ ಇಡುತ್ತಿದ್ದೇನೆ. ನಿನ್ನ ಹತ್ತಿರ ಇನ್ನೊಂದು ಬೀಗದ ಕೈ ಇದೆಯಲ್ಲ, ಬಂದಾಗ ಸಿಗುತ್ತದೆ.

ಹೊರಗೆ ಹಾರ್ನು ಕೇಳಿಸಿತು. ನನ್ನ ಕಿವಿಗೇ ಕೇಳಿಸಿತೆಂದರೆ ಬೀದಿಗೆಲ್ಲ ಕೇಳಿಸಿರಬೇಕು. ಗ್ಯಾಸು ಆರಿಸಿದೆನೋ ಇಲ್ಲವೋ, ಹಿಂದಿನ ಕಿಟಕಿ ಹಾಕಿದೆನೋ ಇಲ್ಲವೋ ಗೊತ್ತಿಲ್ಲ. ಹೋಗಿ ನೋಡೋಣ ಎಂದು ಎದ್ದೆ, ಮತ್ತೆ ಹಾರ್ನು ಹೊಡೆದಳು.

ನೀನೇ ಬಂದು ನೋಡಮ್ಮ. ನಾನು ಹೊರಟೆ.

ಅಪ್ಪ